ಮೊದಲು ಉತ್ತರ, ಆಮೇಲೆ ಪ್ರಶ್ನೆ

ಎಂ.ಜಿ. ರಸ್ತೆಯ ಒಂದು ಆಫೀಸಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸೋಫಾ ಮೇಲೆ ಕೂತವರನ್ನೆಲ್ಲ 'ಹೂ ಆರ್ ಯು ವೇಟಿಂಗ್?' ಅಂತ ಕೇಳುತ್ತಿದ್ದೆ. ಯಾರಿಗೋಸ್ಕರ ಕಾಯ್ತಾ ಇದ್ದೀರಾ ಅನ್ನೋದು ನನ್ನ ಮನಸ್ಸಿನಲ್ಲಿದ್ದ ಮಾತು. ಅವರು ಅರೆಕ್ಷಣ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ದಿನ ಪಕ್ಕದ ಮೇಡಂ ಮೆಲ್ಲಗೆ, 'ಕೊನೇಲಿ ಒಂದು ಫಾರ್ ಹಾಕಮ್ಮ' ಅಂದರು.

ಆ ಫಾರ್ ಯಾಕೆ ಬಿಟ್ಟುಹೋಗುತ್ತಿತ್ತು ಅಂತ ಬಹಳ ಯೋಚಿಸಿದೆ. ಯಾರಿಗೆ, ಯಾರಿಂದ, ಯಾವುದರಲ್ಲಿ ಅನ್ನುವಾಗ ನಮ್ಮ ವಿಭಕ್ತಿ ಪ್ರಶ್ನೆಪದಕ್ಕೇ ಅಂಟಿಕೊಂಡಿರುತ್ತೆ. ಒಂದೇ ಉಸಿರಿಗೆ ಎರಡೂ ಮುಗಿದವು. ಇಂಗ್ಲಿಷಿನಲ್ಲಿ ಹೂ ಮಾತ್ರ ಮುಂದಕ್ಕೆ ಹೋಗುತ್ತೆ, ಫಾರ್ ಕ್ರಿಯಾಪದದ ಪಕ್ಕದಲ್ಲೇ ಉಳಿಯುತ್ತೆ.

ಅವತ್ತಿನಿಂದ ಮೊದಲು ಉತ್ತರ ಕಟ್ಟೋಕೆ ಶುರು ಮಾಡಿದೆ. 'ಐ ಆಮ್ ವೇಟಿಂಗ್ ಫಾರ್ ದ ಮ್ಯಾನೇಜರ್.' ಇದರಲ್ಲಿ ಮ್ಯಾನೇಜರನ್ನು ತೆಗೆದು, ಮುಂದೆ ಹೂ ಇಟ್ಟು ಪ್ರಶ್ನೆ ಮಾಡಿದರೂ ಫಾರ್ ಕದಲೋದಿಲ್ಲ: 'ಹೂ ಆರ್ ಯು ವೇಟಿಂಗ್ ಫಾರ್?' ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಹೊಸಹಳ್ಳಿ ಬರೋಷ್ಟರಲ್ಲಿ ಒಂದು ಉತ್ತರ, ಮಾಗಡಿ ರಸ್ತೆ ಬರೋಷ್ಟರಲ್ಲಿ ಅದರ ಪ್ರಶ್ನೆ. ಮೂರು ತಿಂಗಳು ಹೀಗೇ ಮಾಡಿದೆ.

ಲಿಸನ್ ತುಂಬಾ ಕಾಡಿತು. 'ಏನು ಕೇಳ್ತಿದ್ದೀಯ' ಅನ್ನುವಾಗ ನಮಗೆ ಪ್ರತ್ಯಯವೇ ಕೇಳಿಸೋದಿಲ್ಲ, ಹಾಗಾಗಿ 'ವಾಟ್ ಆರ್ ಯು ಲಿಸನಿಂಗ್ ಟು?' ಅನ್ನೋದರ ಟು ಜಾರಿಹೋಗುತ್ತಿತ್ತು. ಡಿಸ್ಕಸ್‌ದು ಇದರ ಉಲ್ಟಾ. 'ಯಾವುದರ ಬಗ್ಗೆ ಚರ್ಚೆ ಮಾಡಿದ್ರಿ' ಅನ್ನೋ ರೂಢಿಗೆ ಅಬೌಟ್ ತಾನಾಗಿ ಬಂದು ಸೇರುತ್ತೆ. 'ವಾಟ್ ಡಿಡ್ ಯು ಡಿಸ್ಕಸ್?' ಅಷ್ಟೇ ಸರಿ. ಎಲ್ಲಿಗೆ ಅನ್ನೋಕೆ ಬರೀ ವೇರ್ ಸಾಕು, ಎಲ್ಲಿಂದ ಅನ್ನೋಕೆ ಕೊನೆಯಲ್ಲಿ ಫ್ರಮ್ ಬೇಕೇ ಬೇಕು.

ಫಾರ್, ಟು, ಫ್ರಮ್ ತರಹದ ಪ್ರಿಪೊಸಿಷನ್‌ನಿಂದ ವಾಕ್ಯ ಮುಗಿಸಬಾರದು ಅಂತ ಶಾಲೆಯಲ್ಲಿ ಕಲಿತಿದ್ದೆ. ಜಾನ್ ಡ್ರೈಡನ್ ಅನ್ನೋ ಇಂಗ್ಲಿಷ್ ಕವಿ 1672ರಲ್ಲೇ ಇದನ್ನು ತಪ್ಪು ಅಂದಿದ್ದರು. ಆದರೆ ಇವತ್ತಿಗೂ ಇಂಗ್ಲಿಷಿನವರ ಆಡುಮಾತು ಹಾಗೇ ಮುಗಿಯುತ್ತೆ. ಪತ್ರದಲ್ಲಾದರೆ ಮುಂದಿಡಬಹುದು, ಆಗ ಹೂ ಹೋಗಿ ಹೂಮ್ ಆಗಬೇಕು: ಟು ಹೂಮ್, ವಿತ್ ಹೂಮ್.

ವೆನ್ ಜೊತೆಗೆ ಬರುವ ಬೈ, ಸಿನ್ಸ್ ಮಾತ್ರ ನಾನು ಮುಂದೆಯೇ ಇಡೋದು. ಕೊರಿಯರ್ ಮಾಡೋಕೆ ಕವರ್ ತಂದುಕೊಡುವವರನ್ನು ದಿನಾ ಕೇಳುತ್ತೇನೆ, 'ಬೈ ವೆನ್ ಶುಡ್ ಇಟ್ ರೀಚ್?'