ವಯಸ್ಸಾದವರಿಗೆ ಕ್ಯಾಪ್ಸೂಲ್ ಎಂಡೋಸ್ಕೋಪಿ: ನಾವು ಮಾಡುವ ಬಗೆ

ಹಿಮೋಗ್ಲೋಬಿನ್ ಪದೇ ಪದೇ ಇಳಿಯುತ್ತದೆ, ಕ್ಯಾಮೆರಾ ಕೊಳವೆ (ಎಂಡೋಸ್ಕೋಪ್) ಇಳಿಸಿ ಜಠರ ನೋಡುವ ಗ್ಯಾಸ್ಟ್ರೋಸ್ಕೋಪಿ, ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಎರಡರಲ್ಲೂ ಏನೂ ಸಿಕ್ಕಿಲ್ಲ ಎಂದಾದಾಗ ಸಣ್ಣ ಕರುಳಿನ ಸರದಿ. ಅದನ್ನು ನೋಡಲು ನುಂಗಿಸುವ ಪುಟ್ಟ ಕ್ಯಾಮೆರಾವೇ ಕ್ಯಾಪ್ಸೂಲ್; ಸುಮಾರು 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪ. ಎಪ್ಪತ್ತು ದಾಟಿದವರಲ್ಲಿ ಪರೀಕ್ಷೆ ಕೆಟ್ಟರೆ, ಬಹಳ ಸಲ ಅದು ಕರುಳು ಮುಟ್ಟುವ ಮೊದಲೇ ಕೆಟ್ಟಿರುತ್ತದೆ.

ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ ಎಂದು ಮೊದಲು ಕೇಳುತ್ತೇವೆ. ಪಾರ್ಶ್ವವಾಯು, ಪಾರ್ಕಿನ್ಸನ್ ಇದ್ದವರಲ್ಲಿ ಕ್ಯಾಪ್ಸೂಲ್ ಶ್ವಾಸನಾಳಕ್ಕೆ ಜಾರಬಹುದು. ಅಂಥವರಿಗೆ ನುಂಗಿಸದೆ, ಎಂಡೋಸ್ಕೋಪಿನ ತುದಿಗೆ ಸಿಕ್ಕಿಸಿ ನೇರ ಡ್ಯುವೊಡಿನಮ್‌ನಲ್ಲಿ (ಸಣ್ಣ ಕರುಳಿನ ಮೊದಲ ಭಾಗದಲ್ಲಿ) ಬಿಡುತ್ತೇವೆ. ವರ್ಷಗಟ್ಟಲೆ ಮಂಡಿನೋವಿನ ಮಾತ್ರೆ ನುಂಗಿದವರು, ಕರುಳಿನ ಕ್ಷಯ, ಹೊಟ್ಟೆಯ ಆಪರೇಷನ್, ರೇಡಿಯೇಷನ್ ಆದವರು ಊಟವಾದ ಮೇಲೆ ಹೊಟ್ಟೆ ಹಿಂಡುತ್ತದೆ ಎಂದರೆ ಕರುಳು ಎಲ್ಲೋ ಕಿರಿದಾಗಿದೆ, ಕ್ಯಾಪ್ಸೂಲ್ ಅಲ್ಲಿ ಸಿಕ್ಕಿಕೊಳ್ಳಬಹುದು ಎಂಬ ಅನುಮಾನ. ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಕೊಂಡು ಮೊದಲು ಸಿ.ಟಿ. ಎಂಟರೋಗ್ರಫಿ, ಅಂದರೆ ಸಣ್ಣ ಕರುಳಿನ ಸಿ.ಟಿ. ಸ್ಕ್ಯಾನ್.

ಕಬ್ಬಿಣದ ಮಾತ್ರೆ ಒಂದು ವಾರ ಮುಂಚೆಯೇ ನಿಲ್ಲಬೇಕು, ಇಲ್ಲದಿದ್ದರೆ ಕರುಳಿನ ಗೋಡೆಗೆ ಕಪ್ಪು ಮೆತ್ತಿ ಏನೂ ಕಾಣದು. ಆಸ್ಪಿರಿನ್ ಮಾತ್ರ ರೋಗಿ ತಾನಾಗಿ ನಿಲ್ಲಿಸಕೂಡದು. ಕರುಳು ಶುಚಿಯಾಗಲು ಹಿಂದಿನ ಸಂಜೆ 2 ಲೀಟರ್ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಭೇದಿ ದ್ರಾವಣ, ನಿಧಾನವಾಗಿ. ಇನ್ನೊಂದು ಭೇದಿ ಔಷಧವಾದ ಸೋಡಿಯಂ ಫಾಸ್ಫೇಟ್ ಈ ವಯಸ್ಸಿನವರ ಕಿಡ್ನಿಗೆ ಒಳ್ಳೆಯದಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಪೊಟ್ಯಾಸಿಯಂ ಕಾರಣಕ್ಕೆ ಎಳನೀರೂ ಬೇಡ. ರಾತ್ರಿ ಬಚ್ಚಲಿಗೆ ಓಡುವಾಗ ಬೀಳುವ ಭಯವಿದೆ, ಮನೆಯವರೊಬ್ಬರು ಜೊತೆಗಿರಲಿ. ಬೆಳಿಗ್ಗೆ ನೊರೆ ಒಡೆಯಲು ಸಿಮೆಥಿಕೋನ್. ಖಾಲಿ ಹೊಟ್ಟೆಯಾದ್ದರಿಂದ ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ಆ ಹೊತ್ತಿಗೆ ಇಲ್ಲ.

ನುಂಗಿಸಿ ಒಂದು ಗಂಟೆಗೆ, ಕ್ಯಾಪ್ಸೂಲ್ ಕಳಿಸುವ ಚಿತ್ರಗಳನ್ನು ಹಿಡಿಯುವ ರೆಕಾರ್ಡರ್‌ನ ಪರದೆ ನೋಡಲೇಬೇಕು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಕ್ಯಾಪ್ಸೂಲ್ ಹೊಟ್ಟೆಯಲ್ಲೇ (ಜಠರದಲ್ಲೇ) ಸುತ್ತುತ್ತಾ ಬ್ಯಾಟರಿ ಮುಗಿಸಿಬಿಡುತ್ತದೆ. ಬಲ ಮಗ್ಗುಲಿಗೆ ಮಲಗಿಸಿ, ಹೊಟ್ಟೆಯನ್ನು ಬೇಗ ಖಾಲಿ ಮಾಡುವ ಔಷಧ ಕೊಟ್ಟು ನೋಡುತ್ತೇವೆ. ಕದಲದಿದ್ದರೆ ಎಂಡೋಸ್ಕೋಪಿನಿಂದ ದಾಟಿಸುತ್ತೇವೆ. ಹೊಟ್ಟೆ ದಾಟಿದ ಮೇಲೆ, ನುಂಗಿದ 2 ಗಂಟೆಗೆ ತಿಳಿ ದ್ರವ, 4 ಗಂಟೆಗೆ ಎರಡು ಇಡ್ಲಿ.

ಈ ವಯಸ್ಸಿನಲ್ಲಿ ಹೆಚ್ಚಾಗಿ ಸಿಗುವುದು ಆಂಜಿಯೆಕ್ಟೇಸಿಯಾ, ಅಂದರೆ ಹಿಗ್ಗಿದ ಸಣ್ಣ ರಕ್ತನಾಳಗಳು: ಗಡಿ ಸ್ಪಷ್ಟವಾಗಿರುವ, ಜರೀಗಿಡದ ಎಲೆಯಂತೆ ಕವಲೊಡೆದ ಕಡುಗೆಂಪು ಮಚ್ಚೆ. ಒಂಟಿ ಕೆಂಪು ಚುಕ್ಕೆಯನ್ನು ಅದೆಂದು ಬರೆಯಬಾರದು. ಕ್ಯಾಪ್ಸೂಲ್ ವೇಗವಾಗಿ ಓಡುವ ಡ್ಯುವೊಡಿನಮ್ ಮತ್ತು ಅದರ ನಂತರದ ಜೆಜುನಮ್‌ನ ಮೇಲಿನ ಭಾಗದ ಚಿತ್ರಗಳನ್ನು ನೋಡುವಾಗ ಸೆಕೆಂಡಿಗೆ 10 ಚಿತ್ರಕ್ಕಿಂತ ವೇಗ ಬೇಡ. ಮಚ್ಚೆ ಸಿಕ್ಕರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಮಹಾಧಮನಿಯ ಕವಾಟವನ್ನೂ ನೋಡಿಸುವುದು ಒಳ್ಳೆಯದು, ಅದು ಕಿರಿದಾದವರಲ್ಲಿ ಈ ರಕ್ತಸ್ರಾವ ಮರುಕಳಿಸುತ್ತಿರುತ್ತದೆ.

ಕ್ಯಾಪ್ಸೂಲ್ ಹೊರಬೀಳುವವರೆಗೆ ಎಂ.ಆರ್.ಐ. ಇಲ್ಲ. ಚಿತ್ರಗಳಲ್ಲಿ ದೊಡ್ಡ ಕರುಳು ಕಂಡಿಲ್ಲ, ಎರಡು ವಾರವಾದರೂ ಹೊರಬಿದ್ದದ್ದು ಗೊತ್ತಿಲ್ಲ ಎಂದರೆ ಹೊಟ್ಟೆಯ ಎಕ್ಸ್-ರೇ ತೆಗೆಸುತ್ತೇವೆ.