ಆಟ ಬಲ್ಲ ಹುಡುಗ ತಪ್ಪಿ ನಡೆದಾಗ: ಇನ್ನೊಂದು ಅವಕಾಶದ ಬಗ್ಗೆ ಕ್ಲಬ್ ತೀರ್ಮಾನ ಮಾಡುವ ಬಗೆ

ಹದಿನೇಳು ವರ್ಷದ ಹುಡುಗ. ಎಡಗಾಲಿಗೆ ಬಾಲ್ ಸಿಕ್ಕರೆ ಇಬ್ಬರು ಡಿಫೆಂಡರ್‌ಗಳಿಗೆ ಕೈತುಂಬ ಕೆಲಸ. ಆದರೆ ಎರಡು ತಿಂಗಳಿಂದ ಪ್ರಾಕ್ಟೀಸ್‌ಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕಳೆದ ಮ್ಯಾಚ್‌ನಲ್ಲಿ ಕೋಚ್ ಹೊರಗೆ ಕರೆದಾಗ ಜರ್ಸಿ ಬಿಚ್ಚಿ ಬಿಸಾಕಿ ಹೋದ. ಈಗ ವಾಪಸ್ ಬರುತ್ತೇನೆ ಅನ್ನುತ್ತಿದ್ದಾನೆ. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಎಲ್ಲೇ ಇರಲಿ, ಫುಟ್‌ಬಾಲ್ ಕ್ಲಬ್ ನಡೆಸಿದವರಿಗೆ ಇಂಥ ಹುಡುಗ ಗೊತ್ತು. ಕಮಿಟಿ ಕೂತಾಗ "ಅವನಿಲ್ಲದಿದ್ದರೆ ಗೋಲ್ ಹೊಡೆಯೋರ್ಯಾರು" ಅಂತ ಒಂದು ಗುಂಪು, "ಒಬ್ಬನಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು" ಅಂತ ಇನ್ನೊಂದು. ಅವನು ಯಾಕೆ ತಪ್ಪಿದ ಅನ್ನುವುದನ್ನು ಎರಡೂ ಗುಂಪಿನವರು ನೋಡಿರುವುದಿಲ್ಲ.

ಗಲಾಟೆಯಾದ ದಿನ ಏನನ್ನೂ ತೀರ್ಮಾನಿಸಬೇಡಿ. ಮೂರು ದಿನ ಬಿಡಿ, ಆದರೆ ಹತ್ತು ದಿನ ದಾಟಿಸಬೇಡಿ. ಹತ್ತು ದಿನ ಕಳೆದರೆ ಹುಡುಗರ ವಾಟ್ಸಾಪ್ ಗುಂಪೇ ತೀರ್ಪು ಕೊಟ್ಟಿರುತ್ತದೆ, ಕಮಿಟಿ ಅದಕ್ಕೆ ಸಹಿ ಹಾಕುವುದಷ್ಟೇ ಬಾಕಿ. ಮುಂದಿನ ವಾರ ಟೂರ್ನಮೆಂಟ್ ಇದ್ದರೆ ಅವನ ಹೆಸರನ್ನು ಆ ಪಟ್ಟಿಯಿಂದ ಮೊದಲೇ ತೆಗೆದು, ಆಮೇಲೆ ಮಾತಿಗೆ ಕೂತುಕೊಳ್ಳಿ. ಟೂರ್ನಮೆಂಟ್ ತಲೆಯಲ್ಲಿಟ್ಟುಕೊಂಡು ಮಾಡಿದ ಕ್ಷಮೆ ಹುಡುಗನಿಗೂ ಗೊತ್ತಾಗುತ್ತದೆ, ಉಳಿದ ಇಪ್ಪತ್ತು ಹುಡುಗರಿಗೂ ಗೊತ್ತಾಗುತ್ತದೆ.

ಮೊದಲು ತಪ್ಪನ್ನು ವಿಂಗಡಿಸಿ

ಬರಲಾಗದೆ ತಪ್ಪಿದ್ದು ಬೇರೆ, ಬರಲು ಮನಸ್ಸಿಲ್ಲದೆ ತಪ್ಪಿದ್ದು ಬೇರೆ, ಇನ್ನೊಬ್ಬರಿಗೆ ಪೆಟ್ಟು ಮಾಡಿದ್ದು ಬೇರೆಯೇ. ಈ ಮೂರನ್ನೂ "ಶಿಸ್ತಿಲ್ಲ" ಎಂಬ ಒಂದೇ ಚೀಲಕ್ಕೆ ತುಂಬಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಮೂರನೆಯದನ್ನು ಮೊದಲು ಮುಗಿಸೋಣ. ಕಿರಿಯ ಹುಡುಗರನ್ನು ಹೊಡೆದು ಹೆದರಿಸಿದ್ದು, ರೆಫ್ರಿ ಮೇಲೆ ಕೈ ಮಾಡಿದ್ದು, ಬೆಟ್ಟಿಂಗ್ ಹಣ ಮುಟ್ಟಿದ್ದು ಇವು ಮುಂದೆ ಹೇಳುವ ಎಂಟು ವಾರದ ಷರತ್ತಿನ ಒಪ್ಪಂದದಲ್ಲಿ ಸರಿಹೋಗುವ ವಿಷಯಗಳಲ್ಲ. ಪೆಟ್ಟು ತಿಂದವನ ಮಾತು ಕೇಳದೆ ಪೆಟ್ಟು ಕೊಟ್ಟವನ ವಾಪಸಾತಿ ಚರ್ಚೆಗೇ ಬರಬಾರದು. ಹದಿನೆಂಟು ತುಂಬದವರ ಮೇಲೆ ಲೈಂಗಿಕ ಕಿರುಕುಳ ನಡೆದ ಸುಳಿವಿದ್ದರಂತೂ ಕಮಿಟಿ ಪಂಚಾಯಿತಿಗೆ ಕೂರುವಂತೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. "ಹುಡುಗನ ಭವಿಷ್ಯ ಹಾಳಾಗುತ್ತೆ" ಎಂದು ಮುಚ್ಚಿಟ್ಟರೆ ಮುಚ್ಚಿಟ್ಟವರೂ ಕಾನೂನಿನ ಕೈಗೆ ಸಿಗುತ್ತಾರೆ.

ಕಾರ್ಡುಗಳ ವಿಷಯದಲ್ಲೂ ಕಮಿಟಿಗಳು ಎಡವುತ್ತವೆ. "ಸೀಸನ್‌ನಲ್ಲಿ ಎರಡು ರೆಡ್ ಕಾರ್ಡ್" ಎಂಬ ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ. ಗೋಲಿಗೆ ಹೋಗುತ್ತಿದ್ದ ಬಾಲನ್ನು ಕೈಯಲ್ಲಿ ತಡೆದರೂ ರೆಡ್, ಎದುರಾಳಿ ಮುಖಕ್ಕೆ ಉಗಿದರೂ ರೆಡ್. ಮೊದಲನೆಯದು ಆಟದೊಳಗಿನ ತಪ್ಪು, ಅದಕ್ಕೆ ಅಮಾನತಿನ ಶಿಕ್ಷೆ ಆಗಿಹೋಗಿದೆ. ರೆಫ್ರಿ ತೀರ್ಪಿಗೆ ಎದುರು ಮಾತಾಡಿದರೆ ನಿಯಮದಂತೆ ಹಳದಿ, ಬೈದರೆ ಕೆಂಪು. ಮ್ಯಾಚ್ ಶೀಟ್ ತೆಗೆದು ಯಾವ ಕಾರ್ಡ್ ಯಾವುದಕ್ಕೆ ಎಂದು ಒಂದೊಂದಾಗಿ ಬರೆದುಕೊಳ್ಳಿ.

ಹಾಜರಿ ಪುಸ್ತಕ ಓದುವ ರೀತಿ

ಹುಡುಗನ ಮನೆಗೆ ಹೋಗುವ ಮೊದಲು ಕೊನೆಯ ಎಂಟು ವಾರದ ಹಾಜರಿ ಪುಸ್ತಕ ತೆಗೆಯಿರಿ. ಹಾಜರಿ ಪುಸ್ತಕವೇ ಇಲ್ಲದ ಕ್ಲಬ್ ಯಾರನ್ನೂ ಶಿಸ್ತಿನ ಹೆಸರಲ್ಲಿ ಹೊರಗೆ ಹಾಕಬಾರದು, ನಾಳೆಯಿಂದ ಪುಸ್ತಕ ಇಟ್ಟು ಎಂಟು ವಾರ ಕಾಯಲಿ.

ಒಂದು ಲೆಕ್ಕ ನೋಡಿ. ವಾರಕ್ಕೆ ನಾಲ್ಕರಂತೆ 32 ಪ್ರಾಕ್ಟೀಸ್. ಮಳೆಗೆ 6 ರದ್ದಾದವು, ಉಳಿದದ್ದು 26. ಹುಡುಗ ಬಂದದ್ದು 15, ತಪ್ಪಿಸಿದ್ದು 11. ನೂರಕ್ಕೆ ಅರುವತ್ತೂ ಇಲ್ಲ ಎಂದು ಇಲ್ಲಿಗೇ ಪುಸ್ತಕ ಮುಚ್ಚಿಡಬೇಡಿ. ಆ 11ರ ಮುಂದೆ ದಿನ ಯಾವುದು, ಎಷ್ಟು ಗಂಟೆಗೆ ಬಿಟ್ಟಿರಿ ಎಂದು ಬರೆಯಿರಿ. ಅದರಲ್ಲಿ 8 ಮಂಗಳವಾರ ಮತ್ತು ಗುರುವಾರ, ಸಂಜೆ ಐದಕ್ಕೆ ಶುರುವಾಗಿ ಏಳಕ್ಕೆ ಬಿಡುವ ದಿನಗಳು. ಶನಿವಾರ, ಭಾನುವಾರದ ಬೆಳಗ್ಗೆ ತಪ್ಪಿಸಿದ್ದು 3 ಮಾತ್ರ. ಅವನ ಊರಿನ ಕೊನೆಯ ಬಸ್ಸು 6.40ಕ್ಕೆ. ಈ ಹುಡುಗನಿಗೆ ಶಿಸ್ತಿನ ತೊಂದರೆ ಇಲ್ಲ, ಬಸ್ಸಿನ ತೊಂದರೆ ಇದೆ. ಹದಿನೇಳು ವರ್ಷದವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಊರಲ್ಲೇ ಮನೆ ಇರುವ ಹುಡುಗರ ಮುಂದೆ "ಬಸ್ಸಿಲ್ಲ" ಅನ್ನುವುದು ಅವನಿಗೆ ಅವಮಾನ. ಎಂಟು ವಾರ ಎಲ್ಲರಿಂದ ಬೈಸಿಕೊಂಡು ಒಂಬತ್ತನೇ ವಾರ ಜರ್ಸಿ ಬಿಸಾಕುತ್ತಾನೆ.

ಲೆಕ್ಕ ತಿರುಗುಮುರುಗಾಗಿದ್ದರೆ, ವಾರದ ದಿನಗಳಲ್ಲಿ ಬಂದು ಭಾನುವಾರ ಮಾತ್ರ ಕಾಣೆಯಾಗಿದ್ದರೆ, ಬೇರೆ ತಂಡಕ್ಕೆ ಹಣದ ಟೂರ್ನಮೆಂಟ್ ಆಡುತ್ತಿದ್ದಾನೆಯೇ ವಿಚಾರಿಸಿ.

ಮಲೆನಾಡಿನಲ್ಲಿ ತೋಟದ ಪಂಚಾಂಗವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಮನೆಮಂದಿಯೆಲ್ಲ ಸುಲಿಯಲು ಕೂರುತ್ತಾರೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಯಾರ ಗಮನಕ್ಕೂ ಬಾರದ್ದು ಮಳೆಗಾಲದ ಕಥೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಬೇಕಾದರೆ ಮಳೆ ಹೊಳವಾಗಬೇಕು, ಅಂದರೆ ಬಿಡುವು ಕೊಡಬೇಕು. ವಾರಗಟ್ಟಲೆ ರದ್ದಾದ ಪ್ರಾಕ್ಟೀಸನ್ನು ಕೋಚ್ ಕರೆಯುವುದೂ ಅದೇ ಹೊಳವಿನ ದಿನ. ಹುಡುಗ ಅಪ್ಪನ ಜೊತೆ ತೋಟದಲ್ಲಿ ಪೈಪ್ ಹಿಡಿದು ನಿಂತಿರುತ್ತಾನೆ, ಇಲ್ಲಿ ಪುಸ್ತಕದಲ್ಲಿ ಗೈರು ಬೀಳುತ್ತದೆ. ಹೊಳವಿನ ದಿನದ ಗೈರುಗಳಿಗೆ ಬೇರೆ ಗುರುತು ಹಾಕಿ.

ಮಾತುಕತೆ

ಮೈದಾನದಲ್ಲಿ, ಉಳಿದವರು ಬೂಟು ಬಿಚ್ಚುತ್ತಾ ಕಿವಿಗೊಡುವ ಜಾಗದಲ್ಲಿ ಈ ಮಾತು ಬೇಡ. ಮನೆಗೇ ಹೋಗಿ. ಕೋಚ್, ಕಮಿಟಿಯ ಒಬ್ಬರು, ಹುಡುಗ, ತಂದೆ ಅಥವಾ ತಾಯಿ, ನಾಲ್ಕೇ ಜನ. ಐದನೆಯವರು ಬಂದರೆ ಅದು ವಿಚಾರಣೆಯಾಗುತ್ತದೆ. ಕಾಫಿ ಕೊಟ್ಟರೆ ಕುಡಿಯಿರಿ. ಬೇಡ ಅಂದರೆ ಮನೆಯವರು ಜಗಳಕ್ಕೇ ಬಂದಿದ್ದಾರೆ ಅಂದುಕೊಳ್ಳುತ್ತಾರೆ.

"ಯಾಕೋ ಬರ್ಲಿಲ್ಲ?" ಎಂದು ಕೇಳಿದರೆ "ಸುಮ್ನೆ ಸಾರ್" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ದಿನ ಹಿಡಿದು ಕೇಳಬೇಕು: "ಹೋದ ಗುರುವಾರ ಕಾಲೇಜು ಬಿಟ್ಟ ಮೇಲೆ ಎಲ್ಲಿಗೆ ಹೋದೆ? ಆಮೇಲೆ?" ತಾಯಿಯನ್ನು "ಇವನು ಮನೆಗೆ ಬರೋದು ಎಷ್ಟೊತ್ತಿಗಮ್ಮ?" ಎಂದಷ್ಟೇ ಕೇಳಿ. ತಂದೆಯ ಮುಂದೆ ಸಿಗರೇಟು, ಹುಡುಗಿ ವಿಷಯ ಎತ್ತಬೇಡಿ. ಎತ್ತಿದರೆ ಆ ರಾತ್ರಿ ಮನೆಯಲ್ಲಿ ಹೊಡೆತ ಬೀಳುತ್ತದೆ, ಮರುದಿನದಿಂದ ಹುಡುಗ ನಿಮಗೆ ನಿಜ ಹೇಳುವುದಿಲ್ಲ. ಅಂಥದ್ದಿದ್ದರೆ ಕೋಚ್ ವಾಪಸ್ ಹೊರಟಾಗ ಗೇಟಿನವರೆಗೆ ಅವನನ್ನು ಜೊತೆಗೆ ಕರೆದುಕೊಂಡು ಬರಲಿ.

ಒಂದು ಪ್ರಶ್ನೆ ಮಾತ್ರ ಬಿಡಬೇಡಿ: ಕಾಲು ನೋವಿದೆಯಾ? ಜಾಗ ಹೋಗುತ್ತದೆಂದು ನೋವು ಮುಚ್ಚಿಟ್ಟು, ಆಟ ಕೆಟ್ಟು, ಬೈಸಿಕೊಂಡು ದೂರವಾಗುವ ಹುಡುಗರಿದ್ದಾರೆ.

ಮೈ ತಯಾರಿದೆಯೇ

ಕ್ಷಮಿಸಿದ ಭಾನುವಾರವೇ ಪೂರ್ತಿ ಮ್ಯಾಚ್ ಆಡಿಸುವುದು ದೊಡ್ಡ ತಪ್ಪು. ಆರು ವಾರ ಓಡದೆ ಇದ್ದವನ ತೊಡೆಯ ಹಿಂಭಾಗದ ಸ್ನಾಯು ಪೂರ್ತಿ ವೇಗದ ಓಟಕ್ಕೆ ಹರಿಯಬಹುದು; ಕೆಸರು ಮೈದಾನದಲ್ಲಿ ನಿಂತ ಕಾಲು ಜಾರಿದರೆ ತೊಡೆಸಂದು ಹಿಡಿಯುತ್ತದೆ. ಮೊದಲ ಎರಡು ವಾರ ವಾರ್ಮ್‌ಅಪ್, ಪಾಸಿಂಗ್, ದಿನದಿಂದ ದಿನಕ್ಕೆ ವೇಗ ಏರಿಸುವ ಓಟ ಅಷ್ಟೆ. ಫಿಫಾ 11 ಪ್ಲಸ್ ಎಂಬ ವಾರ್ಮ್‌ಅಪ್‌ಗೆ ಇಪ್ಪತ್ತು ನಿಮಿಷ ಸಾಕು, ವಾರಕ್ಕೆ ಎರಡು ಸಲವಾದರೂ ಇಡೀ ತಂಡಕ್ಕೇ ಮಾಡಿಸಿ. ಮೂರನೇ ವಾರ ಚಿಕ್ಕ ಮೈದಾನದಲ್ಲಿ ಐದೈದು ಜನರ ಆಟ, ನಾಲ್ಕರಲ್ಲಿ ಮ್ಯಾಚ್‌ನ ಕೊನೆಯ 20 ನಿಮಿಷ, ಐದರಲ್ಲಿ ಒಂದು ಹಾಫ್.

ಪಾದದ ಗಂಟು ಅಥವಾ ಮಂಡಿಗೆ ಪೆಟ್ಟಾಗಿದ್ದರೆ ಒಂಟಿಕಾಲ ಜಿಗಿತ ಅಳೆಯಿರಿ. ಒಂದೊಂದು ಕಾಲಲ್ಲಿ ಮೂರು ಸಲ ಮುಂದಕ್ಕೆ ಹಾರಿ ಅದೇ ಕಾಲ ಮೇಲೆ ಅಲುಗಾಡದೆ ನಿಲ್ಲಬೇಕು; ಹೆಚ್ಚಿನ ದೂರವನ್ನು ಬರೆದುಕೊಳ್ಳಿ. ಒಳ್ಳೆಯ ಕಾಲು 150 ಸೆಂ.ಮೀ., ಪೆಟ್ಟಾದದ್ದು 128 ಬಂದರೆ ನೂರಕ್ಕೆ 85. ನೂರಕ್ಕೆ 90 ದಾಟುವ ತನಕ ಮ್ಯಾಚ್ ಇಲ್ಲ. ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟಿನ ಆಪರೇಷನ್ ಆದವನಾದರೆ ಒಂಬತ್ತು ತಿಂಗಳೊಳಗೆ ಜಿಗಿತ ಎಷ್ಟೇ ಚೆನ್ನಾಗಿ ಬಂದರೂ ಇಳಿಸಬೇಡಿ, ಆಮೇಲೂ ಡಾಕ್ಟರ್ ಒಪ್ಪಿಗೆ ಬೇಕು.

ಒಪ್ಪಂದದ ಚೀಟಿ

ಎಂಟು ವಾರದ ಒಪ್ಪಂದ ಒಂದೇ ಪುಟ, ಕನ್ನಡದಲ್ಲಿ, ಎರಡು ಪ್ರತಿ. ಹದಿನೆಂಟು ತುಂಬದವನು ಮಾಡಿದ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಇದು ಕೋರ್ಟಿಗೆ ತೋರಿಸುವ ಕಾಗದವಲ್ಲ, ಎಂಟು ವಾರದ ನಂತರ "ನಾನು ಹಾಗೆ ಒಪ್ಪಿಕೊಂಡಿರಲಿಲ್ಲ" ಎಂಬ ಮಾತು ಬರದಿರಲೆಂದು ಬರೆಯುವುದು. ತಂದೆ ಅಥವಾ ತಾಯಿ, ಹುಡುಗ, ಕೋಚ್ ಮೂವರದೂ ಸಹಿ ಇರಲಿ.

ಷರತ್ತು ನಾಲ್ಕು ಮೀರಬಾರದು, ನಾಲ್ಕೂ ಎಣಿಸಲು ಬರುವಂತಿರಬೇಕು. ನಡೆದ ಪ್ರಾಕ್ಟೀಸ್‌ನಲ್ಲಿ ನೂರಕ್ಕೆ 80 ಹಾಜರಿ, ಅಂದರೆ 30 ನಡೆದರೆ 24. ಬರಲಾಗದ ದಿನ ಮಧ್ಯಾಹ್ನ ಮೂರರೊಳಗೆ ಕೋಚ್‌ಗೆ ಫೋನ್. ಕೇಳದೆ ಬೇರೆ ತಂಡಕ್ಕೆ ಆಡುವಂತಿಲ್ಲ. ಬೈದದ್ದಕ್ಕೆ ಅಥವಾ ಕೈ ಮಾಡಿದ್ದಕ್ಕೆ ರೆಡ್ ಕಾರ್ಡ್ ಬಂದರೆ ಆ ದಿನವೇ ಒಪ್ಪಂದ ಮುಗಿಯಿತು. "ಒಳ್ಳೆಯ ನಡತೆ", "ಹಿರಿಯರಿಗೆ ಗೌರವ" ಎಂದೆಲ್ಲ ಬರೆಯಬೇಡಿ. ಅದನ್ನು ಅಳೆಯುವವರು ಯಾರು?

ಅದೇ ಪುಟದ ಕೆಳಗೆ ಕ್ಲಬ್ ಏನು ಮಾಡುತ್ತದೆ ಎಂದೂ ಬರೆಯಬೇಕು. ಇದನ್ನು ಬಿಡುವ ಕಮಿಟಿಗಳೇ ಹೆಚ್ಚು. ಬಸ್ಸಿನ ಹುಡುಗನನ್ನು ಮಂಗಳವಾರ, ಗುರುವಾರ 6.10ಕ್ಕೆ ಬಿಡುತ್ತೇವೆ, ಉಳಿದ ಐವತ್ತು ನಿಮಿಷದ ಕೆಲಸ ಭಾನುವಾರ ಬೆಳಗ್ಗೆ ಬೇಗ ಬಂದು ಮುಗಿಸುತ್ತಾನೆ. ಔಷಧಿ ಹೊಡೆಯುವ ದಿನ ಫೋನ್ ಮಾಡಿದರೆ ಗೈರು ಲೆಕ್ಕಕ್ಕಿಲ್ಲ. ಬಸ್ ಪಾಸು ಕಾಲೇಜಿನ ದಾರಿಗೆ ಮಾತ್ರ ಇದ್ದು ಮೈದಾನ ಬೇರೆ ದಿಕ್ಕಿನಲ್ಲಿದ್ದರೆ ಟಿಕೆಟ್ ಹಣ ಯಾರದು ಎಂಬುದೂ ಅಲ್ಲೇ ಬರಲಿ.

ಕೊನೆಯ ದಿನಾಂಕ ಹಾಕಲು ಮರೆಯಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಆಟಗಾರ ಎರಿಕ್ ಕಂಟೋನಾ 1995ರ ಜನವರಿ 25ರಂದು ಪ್ರೇಕ್ಷಕನಿಗೆ ಒದ್ದಾಗ ಕ್ಲಬ್ ಅವನನ್ನು ಸೀಸನ್ ಮುಗಿಯುವವರೆಗೆ ತಾನೇ ಹೊರಗಿಟ್ಟಿತು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ಅದನ್ನು ಸೆಪ್ಟೆಂಬರ್ 30ರ ತನಕ ಬೆಳೆಸಿತು. ಕೋರ್ಟ್ ಹೇಳಿದಂತೆ 120 ಗಂಟೆ ಸಮುದಾಯ ಸೇವೆ ಮಾಡಿ, ಮಕ್ಕಳಿಗೆ ಆಟ ಕಲಿಸಿ, ಅಕ್ಟೋಬರ್ 1ಕ್ಕೆ ಲಿವರ್‌ಪೂಲ್ ಎದುರು ಇಳಿದು ಪೆನಾಲ್ಟಿ ಹೊಡೆದ. ಆ ಸೀಸನ್‌ನಲ್ಲಿ ತಂಡ ಲೀಗ್, ಎಫ್‌ಎ ಕಪ್ ಎರಡನ್ನೂ ಗೆದ್ದಿತು. ಶಿಕ್ಷೆ ದೊಡ್ಡದೇ, ಆದರೆ ಮುಗಿಯುವ ದಿನ ಎಲ್ಲರಿಗೂ ಗೊತ್ತಿತ್ತು. "ನೋಡೋಣ, ಸ್ವಲ್ಪ ದಿನ ಹೋಗಲಿ" ಅನ್ನುವ ನಮ್ಮ ಕಮಿಟಿಗಳ ಅಮಾನತಿಗೆ ಅಂಥ ದಿನವೇ ಇರುವುದಿಲ್ಲ.

ಅದೇ ಕ್ಲಬ್ 2011ರಲ್ಲಿ ಕಿರಿಯರ ಎಫ್‌ಎ ಯೂತ್ ಕಪ್ ಗೆದ್ದಾಗ ಫೈನಲ್‌ನಲ್ಲಿ ಎರಡು ಗೋಲ್ ಹೊಡೆದ ರಾವೆಲ್ ಮಾರಿಸನ್‌ನನ್ನು 2012ರ ಜನವರಿಯಲ್ಲಿ ವೆಸ್ಟ್ ಹ್ಯಾಮ್‌ಗೆ ಮಾರಿತು. ಆಟದಲ್ಲಿ ಅವನಿಗೆ ಕೊರತೆ ಇರಲಿಲ್ಲ, ಮೈದಾನದಾಚೆಯ ತೊಂದರೆಗಳು ಮುಗಿಯುತ್ತಿರಲಿಲ್ಲ. ಒಳ್ಳೆಯ ಆಟಕ್ಕೆ ಕೊಡಬಹುದಾದ ರಿಯಾಯಿತಿ ಒಂದೇ: ಅಂಥ ಹುಡುಗನ ವಿಷಯ ಬೇಗ ಕೈಗೆತ್ತಿಕೊಳ್ಳಬಹುದು. ನಿಯಮ ಸಡಿಲಿಸುವಂತಿಲ್ಲ.

ತಂಡದೊಳಗೆ

ಅವನ ಜಾಗದಲ್ಲಿ ಎಂಟು ವಾರ ಆಡಿದ ಹುಡುಗನನ್ನು ಮರೆಯಬೇಡಿ. ಗೋಲ್ ಕಡಿಮೆ ಹೊಡೆದಿರಬಹುದು, ಮಳೆಯಲ್ಲಿ ನೆನೆದು ಬಂದವನು ಅವನೇ. ವಾಪಸ್ ಬಂದವನು ಮೈ ತಯಾರಾದ ಮೇಲೂ ಎರಡು ಮ್ಯಾಚ್ ಬೆಂಚಿನಲ್ಲಿ ಕೂತು, ಬದಲಿಯಾಗಿ ಇಳಿಯಲಿ. ಈ ಸುದ್ದಿಯನ್ನು ಆ ಇಬ್ಬರಿಗೂ ಕೋಚ್ ಬೇರೆಬೇರೆಯಾಗಿ ಮೊದಲೇ ಹೇಳಬೇಕು. ಎಲ್ಲರ ಮುಂದೆ ಕ್ಷಮೆ ಕೇಳಿಸುವ ನಾಟಕ ಬೇಡ, ಬಿಸಾಕಿದ ಜರ್ಸಿಯನ್ನು ಒಗೆದು ತಂದು ಕ್ಯಾಪ್ಟನ್ ಕೈಗೆ ಕೊಟ್ಟರೆ ಸಾಕು.

ಎರಡು, ಐದು ಮತ್ತು ಎಂಟನೇ ವಾರದ ಕೊನೆಗೆ ಹತ್ತು ನಿಮಿಷ ಕೂತು ಪುಸ್ತಕ ನೋಡಿ. ಎರಡನೇ ವಾರ ಎಲ್ಲರೂ ಶಿಸ್ತಾಗಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ನಿಜ ತಿಳಿಯುವುದು ಐದನೇ ವಾರದ ಹೊತ್ತಿಗೆ, ಬೆಂಚಿನ ಬೇಸರ ಹತ್ತಿದ ಮೇಲೆ. ಫೋನ್ ಮಾಡಿ ತಪ್ಪಿಸಿದ್ದನ್ನು ದೊಡ್ಡದು ಮಾಡಬೇಡಿ. ಫೋನ್ ಇಲ್ಲದೆ ಎರಡು ಸಲ ತಪ್ಪಿಸಿದರೆ ಎಂಟನೇ ವಾರಕ್ಕೆ ಕಾಯದೆ ಕರೆದು ಕೂರಿಸಿ. ಮೂರನೆಯ ಸಲಕ್ಕೆ ಮುಗಿಯಿತು.

ಬೇಡ ಎಂದಾದರೆ

ಟೀಮ್ ಪಟ್ಟಿ ಗುಂಪಿಗೆ ಹಾಕುವ ಮೊದಲು ಅವನಿಗೆ ಎದುರಾಎದುರು ಹೇಳಿ, ಕಾರಣವನ್ನು ಪುಸ್ತಕದ ಅಂಕಿಯಲ್ಲೇ ತೋರಿಸಿ. ಬೇರೆ ಕ್ಲಬ್ ಕೇಳಿದರೆ ನೋಂದಣಿ ಬಿಟ್ಟುಕೊಡಿ. ನಮಗೂ ಆಡಬಾರದು, ಬೇರೆಯವರಿಗೂ ಆಡಬಾರದು ಎಂದು ಕಾಗದ ಹಿಡಿದಿಟ್ಟುಕೊಳ್ಳುವುದು ಸೇಡು. ಆ ಕ್ಲಬ್ಬಿನ ಕೋಚ್ ಫೋನ್ ಮಾಡಿದರೆ ಬಸ್ಸಿನ ವಿಷಯ, ತೋಟದ ವಿಷಯ ಹೇಳಿ, ಮನೆಯಲ್ಲಿ ಕೇಳಿದ್ದನ್ನು ಹೇಳಬೇಡಿ. ಕ್ಲಬ್ಬಿನ ಜರ್ಸಿ ವಾಪಸ್ ತೆಗೆದುಕೊಳ್ಳಿ. ಬೂಟು ಅವನ ಹತ್ತಿರವೇ ಇರಲಿ, ಒಂದು ಸೀಸನ್ ಕೆಸರಲ್ಲಿ ಅವನ ಕಾಲಿಗೆ ಹೊಂದಿಕೊಂಡದ್ದು ಇನ್ನೊಬ್ಬರಿಗೆ ಹೇಗೂ ಕಚ್ಚುತ್ತದೆ.