ಮಳೆಗಾಲದಲ್ಲಿ ಟೇಪ್ ಓದಿಸಿದ ಕಥೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಲೆಕ್ಕವೆಲ್ಲ ನಾನು ನೋಡಿಕೊಳ್ಳುತ್ತಿದ್ದ ಲಿನಕ್ಸ್ ಸರ್ವರಿನಲ್ಲಿತ್ತು. ಜುಲೈನ ಒಂದು ಬುಧವಾರ ಕರೆಂಟು ನಾಲ್ಕೈದು ಸಲ ಹೋಗಿ ಬಂತು, ಹಾರ್ಡ್ ಡಿಸ್ಕ್ ಕೈಕೊಟ್ಟಿತು. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬೆಳೆಗಾರರ ಲೆಕ್ಕವೆಲ್ಲ ಅದರೊಳಗೇ. ಪ್ರತಿ ಶನಿವಾರ ಡ್ಯಾಟ್ ಟೇಪಿಗೆ, ಅಂದರೆ ಕಂಪ್ಯೂಟರಿನ ಮಾಹಿತಿ ತುಂಬಿಡುವ ಪುಟ್ಟ ಕ್ಯಾಸೆಟ್ಟಿಗೆ, ಬ್ಯಾಕಪ್ ತೆಗೆಯುತ್ತಿದ್ದೆ. ಆದರೆ ಅದರಿಂದ ಒಂದು ಫೈಲನ್ನಾದರೂ ವಾಪಸ್ ತೆಗೆದು ನೋಡಿದವನಲ್ಲ.

ಟೇಪ್ ಇದ್ದದ್ದು ತೀರ್ಥಹಳ್ಳಿಯ ನಮ್ಮ ಮನೆಯ ಬೀರುವಿನಲ್ಲಿ. ಪ್ಲಾಸ್ಟಿಕ್ ಸುತ್ತಿ ಬಸ್ಸಿನಲ್ಲಿ ತಂದೆ. ಬಿಚ್ಚಿದರೆ ಡಬ್ಬಿಯೇ ತಣ್ಣಗೆ ಅಂಟಂಟು. ನಮ್ಮ ಕಡೆ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಟೇಪಿನದೇನು ಕೇಳ್ತೀರಿ! ತೇವ ಇದ್ದರೆ ಟೇಪು, ಅದನ್ನು ಓದುವ ಡ್ರೈವಿನೊಳಗೆ ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಹರಿದೇ ಹೋಗಬಹುದು. ರಾತ್ರಿಯಿಡೀ ಡ್ರೈವ್ ಪಕ್ಕದಲ್ಲೇ ಸುಮ್ನೆ ಇಟ್ಟೆ. ಬೆಳಿಗ್ಗೆ ಕ್ಯಾಸೆಟ್ಟಿನ ಅಂಚಿನ ಪುಟ್ಟ ತಡೆಯನ್ನು ಸರಿಸಿದೆ. ಇನ್ನು ತಪ್ಪಿಯೂ ಅದರ ಮೇಲೆ ಬರೆಯಲಾಗದು.

ಬ್ಯಾಕಪ್ ಕಟ್ಟಿ ಬಿಚ್ಚುವ ಟಾರ್ ಕಮಾಂಡಿಗೆ ಮೈನಸ್ ಟಿ ಕೊಟ್ಟು ಟೇಪಿನಲ್ಲಿರುವ ಫೈಲುಗಳ ಪಟ್ಟಿ ಕೇಳಿದೆ. ‘ಮೆಮೊರಿ ಸಿಗಲಿಲ್ಲ’ ಎಂಬರ್ಥದ ದೂರು ಬಂತು. ಮೆಷಿನ್ನಿನಲ್ಲಿ ಮೆಮೊರಿ ಬೇಕಾದಷ್ಟಿತ್ತು. ಅರ್ಧ ದಿನ ಅದರ ಬೆನ್ನು ಹತ್ತಿದೆ. ಕೊನೆಗೆ ಹಳೆಯ ಬ್ಯಾಕಪ್ ಸ್ಕ್ರಿಪ್ಟಿನ ಪ್ರಿಂಟ್ ನೋಡಿದಾಗ ಹೊಳೆಯಿತು: ಬರೆಯುವಾಗ ಬ್ಲಾಕ್ ಗಾತ್ರ 64 ಕೊಟ್ಟಿದ್ದೆ, ಒಂದಕ್ಕೆ ಅರ್ಧ ಕಿಲೋಬೈಟ್ ಲೆಕ್ಕ, ಅಂದರೆ ಒಂದೊಂದು ತುಂಡು 32 ಕಿಲೋಬೈಟ್. ಏನೂ ಹೇಳದಿದ್ದರೆ ಟಾರ್ 20 ಎಂದುಕೊಂಡು 10 ಕಿಲೋಬೈಟ್ ಮಾತ್ರ ಕೇಳುತ್ತದೆ. ಸೇರು ಹಿಡಿಯುವ ಪಾತ್ರೆಗೆ ಮೂರು ಸೇರು ಸುರಿದ ಹಾಗೆ. ಮೈನಸ್ ಬಿ 64 ಸೇರಿಸಿದ ಕೂಡಲೇ ಹೆಸರುಗಳು ಸರಸರ ಇಳಿದವು.

ಬಂದದ್ದು ಮಾತ್ರ ಸಿಸ್ಟಮ್ ಸೆಟ್ಟಿಂಗಿನ ಫೈಲುಗಳು. ಟೇಪಿನಲ್ಲಿ ಮೂರು ಬ್ಯಾಕಪ್ ಒಂದರ ಹಿಂದೊಂದು ಇದ್ದವು, ಲೆಕ್ಕ ಇದ್ದದ್ದು ಮೂರನೆಯದರಲ್ಲಿ. ಒಂದೊಂದು ಬ್ಯಾಕಪ್ ಮುಗಿದಲ್ಲೂ ಟೇಪಿನಲ್ಲಿ ಒಂದು ಗುರುತು ಇರುತ್ತದೆ. ಟೇಪನ್ನು ಹಿಂದೆ ಮುಂದೆ ಓಡಿಸುವ ಎಂಟಿ ಕಮಾಂಡಿನಿಂದ ಎರಡು ಗುರುತು ಮುಂದೆ ಓಡಿಸಿದೆ. ಮತ್ತೆ ಅದೇ ಪಟ್ಟಿ! ಇನ್ನೊಮ್ಮೆ ಓಡಿಸಿದೆ, ಅದೇ. ಡ್ರೈವ್ ಕೆಟ್ಟಿದೆ ಅಂತಲೇ ಅಂದುಕೊಂಡೆ. ಕಿವಿಗೊಟ್ಟರೆ, ಪ್ರತಿ ಸಲ ಕಮಾಂಡ್ ಮುಗಿಯುತ್ತಲೇ ‘ಗುಂಯ್’ ಎಂದು ಟೇಪು ಹಿಂದಕ್ಕೆ ಸುತ್ತಿಕೊಳ್ಳುತ್ತಿತ್ತು. ಲಿನಕ್ಸಿನಲ್ಲಿ ಒಂದೇ ಟೇಪ್ ಡ್ರೈವಿಗೆ ಎರಡು ಹೆಸರು, ನಾನು ಬಳಸುತ್ತಿದ್ದದ್ದು ಎಸ್‌ಟಿ0. ಆ ಹೆಸರಲ್ಲಿ ತೆರೆದರೆ ಕೆಲಸ ಮುಗಿದ ಮೇಲೆ ಟೇಪು ತಾನೇ ಶುರುವಿಗೆ ಹೋಗಿ ಕೂರುತ್ತದೆ. ನಿಂತಲ್ಲೇ ನಿಲ್ಲಬೇಕಾದರೆ ಎನ್‌ಎಸ್‌ಟಿ0 ಅನ್ನಬೇಕು. ಒಂದಕ್ಷರಕ್ಕೆ ಒಂದು ದಿನ ಹೋಯಿತು, ಅಲ್ವಾ!

ಇನ್ನೊಂದು ಮಾತು. ಒಂದು ಪಟ್ಟಿ ಓದಿ ಮುಗಿದ ಮೇಲೆ ಟೇಪು ಗುರುತಿನ ಈಚೆ ನಿಂತಿದೆಯೋ ಆಚೆಯೋ ಅಂತ ನಾನು ನಂಬಲು ಹೋಗುವುದಿಲ್ಲ. ಪ್ರತಿ ಸಲ ರಿವೈಂಡ್ ಮಾಡಿ ಮೊದಲಿನಿಂದ ಎಣಿಸುತ್ತೇನೆ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೂರನೆಯದಕ್ಕೆ ಎರಡು ಹೆಜ್ಜೆ.

ಹೊಸ ಡಿಸ್ಕಿನಲ್ಲಿ ಖಾಲಿ ಫೋಲ್ಡರ್ ಮಾಡಿ ಅದರೊಳಗೆ ಬಿಚ್ಚಿದೆ, ನೇರ ಹಳೆಯ ಜಾಗಕ್ಕಲ್ಲ. ಮಂಡಿಯ ಗುಮಾಸ್ತರು ಹತ್ತು ಖಾತೆಗಳನ್ನು ಕೆಂಪು ರಟ್ಟಿನ ಪುಸ್ತಕದ ಜೊತೆ ಹೋಲಿಸಿ ‘ಸರಿ ಇದೆ’ ಎಂದ ಮೇಲೆಯೇ ಅದರ ಜಾಗಕ್ಕೆ ಸರಿಸಿದ್ದು. ಶನಿವಾರದ ನಂತರದ್ದು ಟೇಪಿನಲ್ಲಿರಲಿಲ್ಲ. ಸೋಮವಾರದಿಂದ ಬುಧವಾರದವರೆಗಿನ ತೂಕದ ಚೀಟಿಗಳನ್ನು ನಾವಿಬ್ಬರೂ ಕೂತು ಕೈಯಲ್ಲೇ ಹೊಡೆದೆವು.

ಆ ಟೇಪಿನ ಡಬ್ಬಿಯ ಮೇಲೆ ಈಗ ಪೆನ್ನಿನಲ್ಲಿ ಬರೆದಿದೆ: ಬ್ಲಾಕ್ 64, ಲೆಕ್ಕ ಮೂರನೆಯದು, ಎನ್ ಮರೆಯಬೇಡ.